ಗೇಮಿಂಗ್ ಲ್ಯಾಪ್‌ಟಾಪ್‌ನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕೇ? ತೀರ್ಮಾನಿಸುವ ಮುನ್ನ ಅಳೆದು ನೋಡಬೇಕಾದ ಸಂಗತಿಗಳು

ಓವರ್‌ಕ್ಲಾಕಿಂಗ್ ಎಂದರೆ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಅದರ ಬಗ್ಗೆ ಸಿಗುವ ಹೆಚ್ಚಿನ ಸಲಹೆಗಳು ಡೆಸ್ಕ್‌ಟಾಪ್ ಕಂಪ್ಯೂಟರನ್ನು ಗಮನದಲ್ಲಿಟ್ಟುಕೊಂಡು ಕೊಟ್ಟಂಥವು. ಅಲ್ಲಿ ಕೂಲರ್ ಸಾಲದಿದ್ದರೆ ಇನ್ನೂ ದೊಡ್ಡದನ್ನು ಕೂರಿಸಬಹುದು, ಪವರ್ ಸಪ್ಲೈ ಸಾಲದಿದ್ದರೆ ಬದಲಾಯಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್, ಹೀಟ್ ಪೈಪ್ (ಶಾಖ ಸಾಗಿಸುವ ಕೊಳವೆ), ಅಡಾಪ್ಟರ್ ಎಲ್ಲವೂ ತಯಾರಿಕೆಯ ಹಂತದಲ್ಲೇ ನಿಗದಿಯಾಗಿರುತ್ತವೆ. ಹಾಗಾಗಿ ಅಲ್ಲಿ ಪ್ರೊಸೆಸರ್‌ನ ಓಟವನ್ನು ಹಿಡಿದು ನಿಲ್ಲಿಸುವುದು ಬಹುಮಟ್ಟಿಗೆ ಅದಕ್ಕೆ ನಿಗದಿಪಡಿಸಿದ ಗಿಗಾಹರ್ಟ್ಸ್, ಅಂದರೆ ವೇಗದ ಅಂಕಿ, ಅಲ್ಲ. ಅದು ಹೊರಹಾಕುವ ಶಾಖ ಮತ್ತು ಅದಕ್ಕೆ ಸಿಗುವ ವ್ಯಾಟ್. ಓವರ್‌ಕ್ಲಾಕ್ ಮಾಡಿದಾಗ ಗಿಗಾಹರ್ಟ್ಸ್‌ನ ಮಿತಿ ಮಾತ್ರ ಮೇಲೇರುತ್ತದೆ, ಉಳಿದ ಎರಡು ಮಿತಿಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದ ಯಾವ ಸೆಟ್ಟಿಂಗ್ ಬದಲಾಯಿಸಬೇಕು ಎಂಬುದಕ್ಕಿಂತ ಮೊದಲು, ಈಗ ನಿಮ್ಮ ಯಂತ್ರವನ್ನು ತಡೆಯುತ್ತಿರುವುದು ಈ ಮೂರರಲ್ಲಿ ಯಾವುದು ಎಂದು ತಿಳಿಯಬೇಕು.

ಮೊದಲ ಹೆಜ್ಜೆ: ಪ್ರೊಸೆಸರ್ ನಿಜಕ್ಕೂ ತೊಡಕಾಗಿದೆಯೇ ನೋಡಿ

ಆಟದಲ್ಲಿ ಫ್ರೇಮ್‌ಗಳು (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ಕಡಿಮೆ ಬರುತ್ತಿವೆ ಎಂದ ಮಾತ್ರಕ್ಕೆ ತಪ್ಪು ಪ್ರೊಸೆಸರ್‌ನದ್ದೆಂದು ಹೇಳಲಾಗದು. ಎಂಎಸ್‌ಐ ಆಫ್ಟರ್‌ಬರ್ನರ್ ಅಥವಾ ಎಚ್‌ಡಬ್ಲ್ಯೂಇನ್ಫೊ ತರಹದ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಆಡುತ್ತಿರುವಾಗ ಗ್ರಾಫಿಕ್ಸ್ ಚಿಪ್‌ನ ಬಳಕೆ ಶೇಕಡಾ ಎಷ್ಟಿದೆ ಎಂದು ಗಮನಿಸಿ. ಅದು ಶೇ. 95ಕ್ಕಿಂತ ಮೇಲೆಯೇ ನಿಂತಿದ್ದರೆ ಗ್ರಾಫಿಕ್ಸ್ ಚಿಪ್ ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿದೆ ಎಂದರ್ಥ. ಅಂಥ ಆಟದಲ್ಲಿ ಪ್ರೊಸೆಸರನ್ನು ಎಷ್ಟು ವೇಗಗೊಳಿಸಿದರೂ ಸಿಗುವುದು ಅತ್ಯಲ್ಪ. ಬಳಕೆ ಶೇ. 60–80ರ ನಡುವೆ ಓಲಾಡುತ್ತಿದ್ದು, ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ಅಥವಾ ಫ್ರೇಮ್ ಮಿತಿ ಯಾವುದೂ ಚಾಲೂ ಇಲ್ಲದಿದ್ದರೆ ಆಗ ಪ್ರೊಸೆಸರ್ ಮೇಲೆ ಸಂಶಯಪಡಲು ಕಾರಣವಿದೆ.

ಇದನ್ನು ಖಚಿತಪಡಿಸಿಕೊಳ್ಳಲು ಸರಳವಾದ ಇನ್ನೊಂದು ಪರೀಕ್ಷೆ ಇದೆ. ಆಟದ ಒಂದೇ ಜಾಗದಲ್ಲಿ ನಿಂತು ರೆಸಲ್ಯೂಶನ್ನನ್ನು ಸಾಕಷ್ಟು ಇಳಿಸಿ. ಫ್ರೇಮ್‌ಗಳ ಸಂಖ್ಯೆ ಜಿಗಿದರೆ ತೊಡಕು ಗ್ರಾಫಿಕ್ಸ್‌ನಲ್ಲಿತ್ತು. ಹೆಚ್ಚುಕಡಿಮೆ ಅಷ್ಟೇ ಉಳಿದರೆ ತೊಡಕು ಪ್ರೊಸೆಸರ್ ಅಥವಾ ರ‍್ಯಾಮ್ ಕಡೆಗಿದೆ. ಇಲ್ಲಿ ಹಲವರನ್ನು ದಾರಿ ತಪ್ಪಿಸುವ ಅಂಕಿಯೊಂದಿದೆ: ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಪ್ರೊಸೆಸರ್ ಬಳಕೆ. ಅದು ಶೇ. 40 ಎಂದು ತೋರಿಸುತ್ತಿದ್ದರೂ ಆಟದ ಮುಖ್ಯ ಥ್ರೆಡ್ (ಕೆಲಸದ ಸರಣಿ) ಒಂದೇ ಒಂದು ಕೋರನ್ನು, ಅಂದರೆ ಪ್ರೊಸೆಸರ್‌ನೊಳಗಿನ ಒಂದು ಲೆಕ್ಕಘಟಕವನ್ನು, ಪೂರ್ತಿ ತುಂಬಿಕೊಂಡು ಕುಳಿತಿರಬಹುದು, ಉಳಿದ ಕೋರ್‌ಗಳು ಅದಕ್ಕಾಗಿ ಕಾಯುತ್ತಿರಬಹುದು. ಆದ್ದರಿಂದ ಒಟ್ಟು ಬಳಕೆಯನ್ನು ನೋಡಿ ಪ್ರೊಸೆಸರ್‌ಗೆ ಬಿಡುವಿದೆ ಎಂದುಕೊಳ್ಳಬಾರದು.

ಸಾವಿರಾರು ಘಟಕಗಳನ್ನು ಒಟ್ಟಿಗೆ ನಿಭಾಯಿಸುವ ತಂತ್ರಗಾರಿಕೆಯ ಆಟಗಳು, ಸಿಮ್ಯುಲೇಶನ್ ಆಟಗಳು, ಕಡಿಮೆ ಗ್ರಾಫಿಕ್ಸ್ ಇಟ್ಟುಕೊಂಡು 144 ಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಪರದೆಯಲ್ಲಿ ಆಡುವ ಸ್ಪರ್ಧಾತ್ಮಕ ಶೂಟರ್‌ಗಳು ಪ್ರೊಸೆಸರನ್ನು ಹೆಚ್ಚು ಬೇಡುತ್ತವೆ. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಸಿದ್ಧವಾಗಲು ಸಿಗುವ ಸಮಯ 7 ಮಿಲಿಸೆಕೆಂಡಿಗೂ ಕಡಿಮೆ. 60 ಫ್ರೇಮ್‌ಗಳಾದರೆ ಅದು 16.7 ಮಿಲಿಸೆಕೆಂಡು. ದೃಶ್ಯವೈಭವವೇ ಪ್ರಧಾನವಾಗಿರುವ ಆಟಗಳನ್ನು ಎತ್ತರದ ಸೆಟ್ಟಿಂಗ್‌ನಲ್ಲಿ ಆಡುವವರಿಗೆ ಪ್ರೊಸೆಸರ್‌ನ ಓವರ್‌ಕ್ಲಾಕ್‌ನಿಂದ ಪ್ರಯೋಜನವಿಲ್ಲವೆಂದು ಇಲ್ಲಿಯೇ ಹೇಳಿಬಿಡಬಹುದು.

ಎರಡನೆಯ ಹೆಜ್ಜೆ: ನಿಮ್ಮ ಪ್ರೊಸೆಸರ್ ಅದಕ್ಕೆ ಅವಕಾಶ ಕೊಡುತ್ತದೆಯೇ?

ಇಂಟೆಲ್ ಪ್ರೊಸೆಸರ್‌ನ ವೇಗ ಎಂದರೆ ಸಾಮಾನ್ಯವಾಗಿ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು ಒಂದು ಗುಣಕದಿಂದ ಗುಣಿಸಿದಾಗ ಬರುವ ಸಂಖ್ಯೆ. ಗುಣಕ 50 ಆದರೆ 5.0 ಗಿಗಾಹರ್ಟ್ಸ್. ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಾಗುವ ಬಹುಪಾಲು ಪ್ರೊಸೆಸರ್‌ಗಳಲ್ಲಿ ಈ ಗುಣಕಕ್ಕೆ ಬೀಗ ಹಾಕಿರುತ್ತಾರೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಬರೀ ಎಚ್ ಎಂದಿದ್ದರೆ ಬೀಗವಿದೆ ಎಂದೇ ತಿಳಿಯಿರಿ. ಎಚ್‌ಕೆ ಎಂದಿದ್ದವುಗಳಲ್ಲಿ, ಮತ್ತು ಎಚ್‌ಎಕ್ಸ್ ಸಾಲಿನ ಮೇಲ್ದರ್ಜೆಯವುಗಳಲ್ಲಿ ಬೀಗ ತೆಗೆದಿರುತ್ತದೆ. ಎಎಂಡಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅವಕಾಶ ಇನ್ನೂ ಕಡಿಮೆ. ಹೆಸರಿನಲ್ಲಿ ಎಚ್‌ಎಕ್ಸ್ ಎಂದಿದ್ದ ಮಾತ್ರಕ್ಕೆ ಅಲ್ಲಿ ಭರವಸೆ ಇಟ್ಟುಕೊಳ್ಳುವಂತಿಲ್ಲ.

ಚಿಪ್ ಒಪ್ಪಿದರೂ ಲ್ಯಾಪ್‌ಟಾಪ್ ತಯಾರಕರು ಒಪ್ಪಬೇಕು. ಅವರು ಬಯೋಸ್‌ನಲ್ಲಿ (ಯಂತ್ರ ಆರಂಭವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ) ಅವಕಾಶ ಮುಚ್ಚಿದ್ದರೆ, ವೇಗ ಮತ್ತು ವೋಲ್ಟೇಜ್ ಬದಲಿಸಲೆಂದಿರುವ ಇಂಟೆಲ್‌ನ ಎಕ್ಸ್‌ಟ್ರೀಮ್ ಟ್ಯೂನಿಂಗ್ ಯುಟಿಲಿಟಿಯನ್ನು ತೆರೆದಾಗ ಗುಣಕ, ವೋಲ್ಟೇಜ್‌ಗಳ ಪಟ್ಟಿಗಳು ಬೂದು ಬಣ್ಣಕ್ಕೆ ತಿರುಗಿ ಕದಲದೆ ನಿಂತಿರುತ್ತವೆ. ಹಾಗಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಬೀಗ ಒಡೆಯಲೆಂದು ಯಾರೋ ಮಾರ್ಪಡಿಸಿದ ಬಯೋಸನ್ನು ತಂದು ಹಾಕುವ ಯೋಚನೆ ಬೇಡ. ಅದರಲ್ಲಿ ಗಳಿಸುವುದು ಕೆಲವೇ ಫ್ರೇಮ್, ಎಡವಿದರೆ ಕಳೆದುಕೊಳ್ಳುವುದು ಇಡೀ ಮದರ್‌ಬೋರ್ಡ್. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಸಾಮಾನ್ಯವಾಗಿ ಅದಕ್ಕೇ ಬೆಸೆದುಕೊಂಡಿರುತ್ತವೆ.

ಖಾತರಿಯ ಷರತ್ತುಗಳನ್ನೂ ಈ ಹಂತದಲ್ಲೇ ಓದಿಕೊಳ್ಳಿ. ಬಯೋಸ್‌ನಲ್ಲೇ ಓವರ್‌ಕ್ಲಾಕ್ ಆಯ್ಕೆ ಕೊಟ್ಟಿದ್ದಾರೆ ಎಂದ ಮಾತ್ರಕ್ಕೆ ಅದರಿಂದಾದ ಹಾನಿಯನ್ನು ಅವರೇ ಭರಿಸುತ್ತಾರೆ ಎಂದಲ್ಲ.

ಮೂರನೆಯ ಹೆಜ್ಜೆ: ಶಾಖದ ಲೆಕ್ಕವನ್ನು ಅರ್ಥಮಾಡಿಕೊಳ್ಳಿ

ಇಂದಿನ ಪ್ರೊಸೆಸರ್‌ಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ಒಂದು ರೀತಿಯಲ್ಲಿ ಓವರ್‌ಕ್ಲಾಕ್ ಆಗಿರುತ್ತವೆ. ಉದಾಹರಣೆಗೆ 2020ರ ಇಂಟೆಲ್ ಕೋರ್ ಐ7-10750ಎಚ್ ತೆಗೆದುಕೊಳ್ಳಿ: ಅದರ ಮೂಲ ವೇಗ 2.6 ಗಿಗಾಹರ್ಟ್ಸ್, ಟರ್ಬೊ ವೇಗ (ಅವಕಾಶವಿದ್ದಾಗ ತಾನಾಗಿಯೇ ಏರಬಲ್ಲ ಗರಿಷ್ಠ ವೇಗ) 5.0 ಗಿಗಾಹರ್ಟ್ಸ್, ಆದರೆ ನಿಗದಿತ ಶಾಖದ ಅಂದಾಜು 45 ವ್ಯಾಟ್ ಮಾತ್ರ. ಈ 45 ವ್ಯಾಟ್‌ನಲ್ಲಿ ಆರೂ ಕೋರ್‌ಗಳು 5.0 ಗಿಗಾಹರ್ಟ್ಸ್‌ಗೆ ಓಡಲಾರವು. ಪ್ರೊಸೆಸರ್ ಕೆಲವು ಕ್ಷಣ ಪಿಎಲ್2 ಎಂಬ ಹೆಚ್ಚಿನ ವ್ಯಾಟ್ ಮಿತಿಯವರೆಗೆ ಜಿಗಿಯುತ್ತದೆ, ನಂತರ ಪಿಎಲ್1 ಎಂಬ ದೀರ್ಘಕಾಲದ ಮಿತಿಗೆ ಇಳಿಯುತ್ತದೆ. ಈ ಎರಡು ಮಿತಿಗಳು ಎಷ್ಟಿರಬೇಕೆಂದು ಲ್ಯಾಪ್‌ಟಾಪ್ ತಯಾರಕರು ತಮ್ಮ ಕೂಲಿಂಗ್ ವ್ಯವಸ್ಥೆಗೆ ಹೊಂದುವಂತೆ ತೀರ್ಮಾನಿಸಿರುತ್ತಾರೆ. ಅದಕ್ಕೇ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳ ವೇಗದಲ್ಲಿ ಅಷ್ಟೊಂದು ಅಂತರ ಕಾಣುವುದು.

ಚಿಪ್ ಬಳಸುವ ವಿದ್ಯುತ್ತು ಅದರ ಗಡಿಯಾರದ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಿಸಬೇಕಾದರೆ ಒಂದು ಹಂತದ ನಂತರ ವೋಲ್ಟೇಜನ್ನೂ ಹೆಚ್ಚಿಸಲೇಬೇಕಾಗುವುದರಿಂದ ಈ ಎರಡು ಏರಿಕೆಗಳು ಒಂದರ ಮೇಲೊಂದು ಬೀಳುತ್ತವೆ. ಎಲ್ಲ ಕೋರ್‌ಗಳೂ 1.10 ವೋಲ್ಟ್‌ನಲ್ಲಿ 4.5 ಗಿಗಾಹರ್ಟ್ಸ್‌ಗೆ ಓಡುತ್ತ 75 ವ್ಯಾಟ್ ಬಳಸುತ್ತಿವೆ ಎಂದು ಊಹಿಸಿಕೊಳ್ಳಿ. ಅದನ್ನು 4.7ಕ್ಕೆ ಏರಿಸಲು 1.18 ವೋಲ್ಟ್ ಬೇಕಾಯಿತು ಎಂದಾದರೆ ವೇಗ ಹೆಚ್ಚಿದ್ದು ಶೇ. 4.4, ವಿದ್ಯುತ್ ಬಳಕೆ ಹೆಚ್ಚಿದ್ದು ಸುಮಾರು ಶೇ. 20; ಅಂದರೆ 75 ವ್ಯಾಟ್ ಹೋಗಿ 90 ಆಯಿತು. ಆ ಹದಿನೈದು ವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ ನಿಮ್ಮ ಫ್ಯಾನ್‌ಗಳಿಗೆ ಉಳಿದಿದೆಯೇ ಎಂಬುದೇ ಇಡೀ ವಿಷಯದ ತಿರುಳು. ಶೇ. 4.4ರಷ್ಟು ವೇಗ ಹೆಚ್ಚಿದರೆ ಫ್ರೇಮ್‌ಗಳೂ ಅಷ್ಟೇ ಹೆಚ್ಚಬೇಕೆಂದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಸಿಕ್ಕು ಇದೆ. ಹಲವು ಮಾದರಿಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಒಂದೇ ಹೀಟ್ ಪೈಪ್‌ಗಳನ್ನು ಹಂಚಿಕೊಂಡಿರುತ್ತವೆ, ಹಾಗಾಗಿ ಒಂದರ ಬಿಸಿ ಇನ್ನೊಂದಕ್ಕೂ ತಟ್ಟುತ್ತದೆ. ವ್ಯಾಟ್‌ಗಳೂ ಹಂಚಿಕೆಯಾಗುತ್ತವೆ: ಎನ್‌ವಿಡಿಯಾದ ಡೈನಾಮಿಕ್ ಬೂಸ್ಟ್ ಮತ್ತು ಎಎಂಡಿಯ ಸ್ಮಾರ್ಟ್‌ಶಿಫ್ಟ್ ವ್ಯವಸ್ಥೆಗಳು ಪ್ರೊಸೆಸರ್ ಬಳಸದೆ ಉಳಿಸಿದ ವ್ಯಾಟನ್ನು ಗ್ರಾಫಿಕ್ಸ್ ಚಿಪ್‌ಗೆ ದಾಟಿಸುತ್ತವೆ. ಒಂದೇ ಅನ್ನದ ಪಾತ್ರೆಯಿಂದ ಇಬ್ಬರಿಗೂ ಬಡಿಸುವ ಈ ಏರ್ಪಾಡಿನಲ್ಲಿ ಪ್ರೊಸೆಸರ್ ಹೆಚ್ಚು ಬಡಿಸಿಕೊಂಡರೆ ಗ್ರಾಫಿಕ್ಸ್‌ಗೆ ಕಡಿಮೆಯಾಗುತ್ತದೆ. ಓವರ್‌ಕ್ಲಾಕ್ ಮಾಡಿದ ಮೇಲೆ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಅಂಕ ಏರಿ ಆಟದ ಫ್ರೇಮ್ ಇಳಿಯುವ ವಿಚಿತ್ರಕ್ಕೆ ಕಾರಣ ಬಹಳಷ್ಟು ಸಲ ಇದೇ.

ನಾಲ್ಕನೆಯ ಹೆಜ್ಜೆ: ಈಗಿರುವ ಸ್ಥಿತಿಯನ್ನು ದಾಖಲಿಸಿ

ಲ್ಯಾಪ್‌ಟಾಪನ್ನು ಅದರ ಜೊತೆಗೆ ಬಂದ ಅಡಾಪ್ಟರ್‌ಗೇ ಜೋಡಿಸಿ, ಸಮತಟ್ಟಾದ ಮೇಜಿನ ಮೇಲಿಟ್ಟು, ಅತಿ ಹೆಚ್ಚು ಸಾಮರ್ಥ್ಯದ ಪ್ರೊಫೈಲ್ ಆರಿಸಿಕೊಂಡು ಎರಡು ಪರೀಕ್ಷೆ ನಡೆಸಿ. ಮೊದಲನೆಯದು ಸಿನೆಬೆಂಚ್ ಆರ್23 ಎಂಬ ಬೆಂಚ್‌ಮಾರ್ಕ್‌ನ ಹತ್ತು ನಿಮಿಷಗಳ ಬಹುಕೋರ್ ಓಟ. ಎರಡನೆಯದು ನೀವು ನಿಜವಾಗಿ ಆಡುವ ಆಟವನ್ನು ಕನಿಷ್ಠ ಅರ್ಧ ಗಂಟೆ ಆಡುವುದು. ಎರಡನೆಯದೇ ಮುಖ್ಯ, ಏಕೆಂದರೆ ಸಿನೆಬೆಂಚ್ ನಡೆಯುವಾಗ ಗ್ರಾಫಿಕ್ಸ್ ಚಿಪ್ ತಣ್ಣಗಿರುತ್ತದೆ; ಆಟದಲ್ಲಿ ಎರಡೂ ಒಟ್ಟಿಗೆ ಬಿಸಿಯಾಗುತ್ತವೆ. ಎಚ್‌ಡಬ್ಲ್ಯೂಇನ್ಫೊದಲ್ಲಿ ಪ್ರೊಸೆಸರ್‌ನ ಉಷ್ಣಾಂಶ, ಪ್ಯಾಕೇಜ್ ಪವರ್ ಎಂಬ ಹೆಸರಿನಲ್ಲಿ ಕಾಣುವ ವ್ಯಾಟ್, ಕೋರ್‌ಗಳ ವೇಗ, ಮತ್ತು ಥ್ರಾಟ್ಲಿಂಗ್ (ಮಿತಿಗೆ ತಾಗಿ ವೇಗ ತಗ್ಗುವುದು) ಸಾಲುಗಳಲ್ಲಿ ಹೌದು-ಅಲ್ಲ ಎಂದು ಬರುವ ಉತ್ತರ, ಇಷ್ಟನ್ನು ಬರೆದಿಟ್ಟುಕೊಳ್ಳಿ.

ಉಷ್ಣಾಂಶ ಚಿಪ್‌ನ ಗರಿಷ್ಠ ಮಿತಿಗೆ ತಾಗಿ ವೇಗ ಕುಸಿಯುತ್ತಿದ್ದರೆ ಓವರ್‌ಕ್ಲಾಕ್ ವಿಚಾರವನ್ನು ಅಲ್ಲಿಗೇ ಬಿಡಿ. ಆ ಮಿತಿ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯಲ್ಲಿ ಮಾದರಿಗೆ ತಕ್ಕಂತೆ 95ರಿಂದ 105. ಈಗಿರುವ ವೇಗವನ್ನೇ ಉಳಿಸಿಕೊಳ್ಳಲಾಗದ ಯಂತ್ರಕ್ಕೆ ಇನ್ನೂ ಹೆಚ್ಚಿನ ವೇಗದ ಅನುಮತಿ ಕೊಟ್ಟರೆ ಅದು ಆ ಮಿತಿಯನ್ನು ಇನ್ನಷ್ಟು ಬೇಗ ತಲುಪಿ ಇನ್ನಷ್ಟು ಜೋರಾಗಿ ಕುಸಿಯುತ್ತದೆ, ಆಟ ಮತ್ತೆ ಮತ್ತೆ ತಡವರಿಸತೊಡಗುತ್ತದೆ. ನನ್ನ ಅಂದಾಜಿನಲ್ಲಿ ತೆಳುವಾದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ.

ಉಷ್ಣಾಂಶ 80–85 ಡಿಗ್ರಿಯಲ್ಲೇ ನಿಂತಿದ್ದು, ವ್ಯಾಟ್ ಒಂದು ಅಂಕಿಗೆ ಅಂಟಿಕೊಂಡಿದ್ದರೆ ತಡೆಯುತ್ತಿರುವುದು ಪವರ್ ಮಿತಿ. ಆಗಲೂ ಗುಣಕ ಏರಿಸುವುದು ವ್ಯರ್ಥ. ಬಯೋಸ್ ಅವಕಾಶ ಕೊಟ್ಟರೆ ಪಿಎಲ್1 ಅನ್ನು ಐದೈದು ವ್ಯಾಟ್‌ನಂತೆ ಏರಿಸಿ ನೋಡಬಹುದು. ಆದರೆ ಅಡಾಪ್ಟರ್‌ನ ಒಟ್ಟು ಸಾಮರ್ಥ್ಯವನ್ನು ಮರೆಯಬಾರದು. ಚಾರ್ಜರ್ ಜೋಡಿಸಿದ್ದಾಗಲೂ ಆಟದ ನಡುವೆ ಬ್ಯಾಟರಿಯ ಶೇಕಡಾವಾರು ಇಳಿಯುತ್ತಿದ್ದರೆ ಅಡಾಪ್ಟರ್ ಸಾಲದೆ ಬ್ಯಾಟರಿಯಿಂದಲೂ ವಿದ್ಯುತ್ತು ಹೋಗುತ್ತಿದೆ ಎಂದು ತಿಳಿದು ಹಿಂದೆ ಸರಿಯಿರಿ.

ಶಾಖವೂ ಮಿತಿಗೆ ತಾಗಿಲ್ಲ, ವ್ಯಾಟೂ ಮಿತಿಗೆ ತಾಗಿಲ್ಲ, ಪ್ರೊಸೆಸರ್ ತನ್ನ ಗರಿಷ್ಠ ಟರ್ಬೊ ವೇಗದಲ್ಲೇ ಸ್ಥಿರವಾಗಿ ಓಡುತ್ತಿದೆ, ಆದರೂ ಆಟದಲ್ಲಿ ಅದೇ ತೊಡಕಾಗಿದೆ: ಹೀಗಿದ್ದಾಗ ಮಾತ್ರ ಓವರ್‌ಕ್ಲಾಕ್‌ಗೆ ಅರ್ಥವಿದೆ. ದಪ್ಪನೆಯ ಮೈಯ, ದೊಡ್ಡ ಕೂಲಿಂಗ್ ಇರುವ, ಎಚ್‌ಎಕ್ಸ್ ಅಥವಾ ಎಚ್‌ಕೆ ಪ್ರೊಸೆಸರ್‌ನ ಯಂತ್ರಗಳಲ್ಲಿ ಇಂಥ ಸ್ಥಿತಿ ಕಾಣಬಹುದು.

ಐದನೆಯ ಹೆಜ್ಜೆ: ಅಪಾಯವಿಲ್ಲದ ದಾರಿಗಳನ್ನು ಮೊದಲು ಮುಗಿಸಿ

ರ‍್ಯಾಮ್ ಒಂದೇ ಕಡ್ಡಿಯಲ್ಲಿದ್ದು ಇನ್ನೊಂದು ಸ್ಲಾಟ್ ಖಾಲಿಯಿದ್ದರೆ ಮೊದಲು ಅದನ್ನು ತುಂಬಿಸಿ. ಎರಡು ಚಾನೆಲ್‌ಗಳಲ್ಲಿ ರ‍್ಯಾಮ್ ಕೆಲಸ ಮಾಡತೊಡಗಿದಾಗ ಪ್ರೊಸೆಸರ್ ಅವಲಂಬಿತ ಆಟಗಳಲ್ಲಿ ಸಿಗುವ ಲಾಭ, ಗುಣಕವನ್ನು ಒಂದೆರಡು ಅಂಕಿ ಏರಿಸಿ ಪಡೆಯುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಪರದೆಯನ್ನು ನೇರವಾಗಿ ಗ್ರಾಫಿಕ್ಸ್ ಚಿಪ್‌ಗೆ ಜೋಡಿಸುವ ಮಕ್ಸ್ ಸ್ವಿಚ್ ಇದ್ದರೆ ಆಡುವಾಗ ಅದನ್ನು ಬಳಸಿ. ಗಾಳಿಕಿಂಡಿಗಳ ಧೂಳು ತೆಗೆಯಿರಿ, ಹಿಂಭಾಗವನ್ನು ತುಸು ಎತ್ತರಿಸಿ ಇಡಿ. ಕೆಲವು ವರ್ಷ ಹಳೆಯ ಯಂತ್ರವಾದರೆ ಥರ್ಮಲ್ ಪೇಸ್ಟ್ (ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಲೇಪ) ಬದಲಿಸುವುದರಿಂದ ಉಷ್ಣಾಂಶ ಗಣನೀಯವಾಗಿ ಇಳಿಯಬಹುದು. ದ್ರವಲೋಹದ ಪೇಸ್ಟ್‌ನಿಂದ ಮಾತ್ರ ದೂರವಿರುವುದು ಒಳ್ಳೆಯದು. ಅದು ವಿದ್ಯುದ್ವಾಹಕ, ಸೋರಿದರೆ ಶಾರ್ಟ್ ಆಗುತ್ತದೆ, ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಫಲ ಕೊಡುವುದು ಅಂಡರ್‌ವೋಲ್ಟಿಂಗ್, ಅಂದರೆ ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ತಗ್ಗಿಸುವುದು. ಎಲ್ಲ ಚಿಪ್‌ಗಳೂ ಸುರಕ್ಷಿತವಾಗಿ ನಡೆಯಲೆಂದು ತಯಾರಕರು ವೋಲ್ಟೇಜನ್ನು ತುಸು ಧಾರಾಳವಾಗಿಯೇ ನಿಗದಿಪಡಿಸಿರುತ್ತಾರೆ. ಅದರಲ್ಲಿ ಸ್ವಲ್ಪ ಕಡಿತ ಮಾಡಿದರೂ ವರ್ಗದ ಲೆಕ್ಕದಿಂದಾಗಿ ಶಾಖ ಚೆನ್ನಾಗಿ ಇಳಿಯುತ್ತದೆ, ಮತ್ತು ಶಾಖದಿಂದ ಕುಸಿಯುತ್ತಿದ್ದ ಪ್ರೊಸೆಸರ್ ತಾನಾಗಿಯೇ ಹೆಚ್ಚಿನ ಟರ್ಬೊ ವೇಗವನ್ನು ಹಿಡಿದುಕೊಳ್ಳುತ್ತದೆ. ಓವರ್‌ಕ್ಲಾಕ್ ಕೊಡದ ವೇಗವನ್ನು ಇದು ಕೊಡುವುದು ಅಪರೂಪವಲ್ಲ. ಇಂಟೆಲ್‌ನಲ್ಲಿ ಕೋರ್ ಮತ್ತು ಕ್ಯಾಶ್ (ಚಿಪ್‌ನೊಳಗಿನ ವೇಗದ ಸ್ಮರಣೆ) ಎರಡಕ್ಕೂ 50 ಮಿಲಿವೋಲ್ಟ್ ಕಡಿತದಿಂದ ಆರಂಭಿಸಿ, ಹತ್ತು ಹತ್ತು ಮಿಲಿವೋಲ್ಟ್‌ನಂತೆ ಮುಂದುವರಿದು, ತೊಂದರೆ ಕಂಡ ಜಾಗದಿಂದ ಒಂದೆರಡು ಹಂತ ಹಿಂದಕ್ಕೆ ಬನ್ನಿ. ಎಎಂಡಿಯಲ್ಲಿ, ಬಯೋಸ್ ತೋರಿಸಿದರೆ, ಕರ್ವ್ ಆಪ್ಟಿಮೈಜರ್ ಇದೇ ಕೆಲಸ ಮಾಡುತ್ತದೆ.

ಈ ಬಾಗಿಲೂ ಎಲ್ಲರಿಗೂ ತೆರೆದಿಲ್ಲ. 2019ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ, ವೋಲ್ಟೇಜನ್ನು ಬೇಕೆಂದೇ ಇಳಿಸಿ ಇಂಟೆಲ್ ಚಿಪ್‌ನೊಳಗಿನ ಸುರಕ್ಷಿತ ವಲಯದ ಲೆಕ್ಕಗಳನ್ನು ಕೆಡಿಸಬಹುದೆಂದು ತೋರಿಸಿತು. ಅದರ ನಂತರ ಹಲವು ಲ್ಯಾಪ್‌ಟಾಪ್‌ಗಳ ಬಯೋಸ್ ಅಪ್‌ಡೇಟ್‌ಗಳು ಸಾಫ್ಟ್‌ವೇರ್ ಮೂಲಕ ವೋಲ್ಟೇಜ್ ಬದಲಿಸುವ ಸೌಲಭ್ಯವನ್ನೇ ಮುಚ್ಚಿದವು. ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ ರಕ್ಷಣೆ ಚಾಲೂ ಇದ್ದಾಗಲೂ ಇಂಥ ಸಾಫ್ಟ್‌ವೇರ್‌ಗಳು ಅಡಚಣೆ ಎದುರಿಸುತ್ತವೆ. ಬ್ಯಾಂಕ್ ವ್ಯವಹಾರ, ಕಚೇರಿಯ ಕೆಲಸಗಳೂ ಅದೇ ಯಂತ್ರದಲ್ಲಿ ನಡೆಯುವುದಾದರೆ ನಾಲ್ಕು ಡಿಗ್ರಿಗಾಗಿ ಆ ರಕ್ಷಣೆಯನ್ನು ತೆಗೆದುಹಾಕುವುದು ನನಗೆ ಸರಿಕಾಣುವುದಿಲ್ಲ.

ವೋಲ್ಟೇಜ್ ಮುಟ್ಟಲಾಗದವರಿಗೆ ಉಲ್ಟಾ ದಾರಿಯೊಂದಿದೆ. ಗ್ರಾಫಿಕ್ಸ್ ಚಿಪ್ಪೇ ತೊಡಕಾಗಿರುವ ಆಟದಲ್ಲಿ ಪ್ರೊಸೆಸರ್‌ನ ಗರಿಷ್ಠ ವೇಗವನ್ನು 4 ಗಿಗಾಹರ್ಟ್ಸ್ ಆಸುಪಾಸಿಗೆ ಇಳಿಸಿದರೆ ಶಾಖ, ಸದ್ದು ಎರಡೂ ತಗ್ಗಿ ಉಳಿದ ವ್ಯಾಟ್ ಗ್ರಾಫಿಕ್ಸ್‌ಗೆ ಹೋಗುತ್ತದೆ. ಇದಕ್ಕಾಗಿ ವಿಂಡೋಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ. 99ಕ್ಕೆ ಇಡುವ ರೂಢಿಯಿದೆ. ಅದು ಟರ್ಬೊವನ್ನು ಪೂರ್ತಿ ನಿಲ್ಲಿಸಿಬಿಡುವುದರಿಂದ ಮೂಲ ವೇಗ ಕಡಿಮೆಯಿರುವ ಪ್ರೊಸೆಸರ್‌ಗಳಲ್ಲಿ ಆಟವೇ ಕುಂಟಬಹುದು.

ಆರನೆಯ ಹೆಜ್ಜೆ: ಮುಂದುವರಿಯುವುದೇ ಆದರೆ

ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಅಸ್ಥಿರ ಪ್ರೊಸೆಸರ್ ಯಂತ್ರವನ್ನು ಮುಗ್ಗರಿಸಿದರೆ ಕಣ್ಣಿಗೆ ಬೀಳುತ್ತದೆ, ಆದರೆ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಿ ಡಿಸ್ಕ್‌ಗೆ ಬರೆದರೆ ಗೊತ್ತೇ ಆಗುವುದಿಲ್ಲ. ಬಯೋಸನ್ನು ಮೂಲ ಸ್ಥಿತಿಗೆ ತರುವ ವಿಧಾನವನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಪರದೆ ಕಪ್ಪಾದ ಮೇಲೆ ಹುಡುಕುವುದು ಕಷ್ಟ.

ಗುಣಕವನ್ನು ಒಂದೇ ಒಂದು ಅಂಕಿ, ಅಂದರೆ 100 ಮೆಗಾಹರ್ಟ್ಸ್ ಏರಿಸಿ. ವೋಲ್ಟೇಜನ್ನು ಮುಟ್ಟಬೇಡಿ. ನಾಲ್ಕನೆಯ ಹೆಜ್ಜೆಯ ಎರಡೂ ಪರೀಕ್ಷೆಗಳನ್ನು ಮತ್ತೆ ನಡೆಸಿ, ಜೊತೆಗೆ ಪ್ರೈಮ್95 ತರಹದ ಕಠಿಣ ಪರೀಕ್ಷೆಯನ್ನು ಉಷ್ಣಾಂಶದ ಮೇಲೆ ಕಣ್ಣಿಟ್ಟು ಸ್ವಲ್ಪ ಹೊತ್ತು ಓಡಿಸಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವ್ಹಿಯಾ-ಲಾಗರ್ ಹೆಸರಿನ ಎಚ್ಚರಿಕೆಗಳು ಬಂದಿವೆಯೇ ನೋಡಿ. 19ನೇ ಸಂಖ್ಯೆಯ ಎಚ್ಚರಿಕೆ ಬಂದಿದ್ದರೆ ಯಂತ್ರಾಂಶದ ದೋಷವೊಂದು ಆಗಿ ಸರಿಪಡಿಸಲ್ಪಟ್ಟಿದೆ ಎಂದರ್ಥ. ಯಂತ್ರ ಕೆಡದೆ ನಡೆಯುತ್ತಿದ್ದರೂ ಅದನ್ನು ಸ್ಥಿರವೆಂದು ಪರಿಗಣಿಸಬೇಡಿ. ಭಾರ ಹೇರಿದಾಗ ಗಟ್ಟಿಯಾಗಿ ನಿಂತ ಯಂತ್ರ, ಸುಮ್ಮನಿದ್ದ ಸ್ಥಿತಿಯಿಂದ ಹಠಾತ್ತನೆ ವೇಗ ಹಿಡಿಯುವಾಗ ಬಿದ್ದುಹೋಗುವುದೂ ಇದೆ, ಆದ್ದರಿಂದ ಒಂದೆರಡು ದಿನ ಸಾಮಾನ್ಯ ಬಳಕೆಯಲ್ಲೂ ನೋಡುವುದು ಅಗತ್ಯ. ಅಲ್ಲಿಯವರೆಗೆ, ಆರಂಭವಾಗುವಾಗಲೇ ಈ ಸೆಟ್ಟಿಂಗ್ ಅನ್ವಯಿಸುವ ಆಯ್ಕೆಯನ್ನು ಚಾಲೂ ಮಾಡಬೇಡಿ.

ವೇಗ ಸ್ಥಿರವಾಗದಿದ್ದಾಗ ವೋಲ್ಟೇಜ್ ಏರಿಸಿ ಸರಿಪಡಿಸುವುದು ಡೆಸ್ಕ್‌ಟಾಪ್‌ನಲ್ಲಿ ರೂಢಿ. ಲ್ಯಾಪ್‌ಟಾಪ್‌ನಲ್ಲಿ ಅದೇ ನಿಲ್ಲಬೇಕಾದ ಜಾಗ. ಹೆಚ್ಚಿನ ವೋಲ್ಟೇಜ್ ಮತ್ತು ಹೆಚ್ಚಿನ ಉಷ್ಣಾಂಶ ಒಟ್ಟಾದಾಗ ಚಿಪ್ ನಿಧಾನವಾಗಿ, ಹಿಂದಿರುಗಲಾರದಂತೆ ಸವೆಯುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದಾಗಿ ಅಸ್ಥಿರಗೊಂಡಾಗ ಕಂಪನಿ ಮೈಕ್ರೊಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ಬದಲಾವಣೆಗಳನ್ನು ಬಿಡುಗಡೆ ಮಾಡಿತು. ಆದರೆ ಆಗಲೇ ಹಾಳಾಗಿದ್ದ ಚಿಪ್‌ಗಳನ್ನು ಅವು ಸರಿಪಡಿಸಲಾರವಾಗಿದ್ದವು. ಆ ಸಮಸ್ಯೆ ತನ್ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಅನ್ವಯಿಸುವುದಿಲ್ಲವೆಂದು ಇಂಟೆಲ್ ಹೇಳಿದೆ, ಆದರೂ ವೋಲ್ಟೇಜ್ ಏನು ಮಾಡಬಲ್ಲದೆಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿಯೂ ಅದೇ ಬಿಸಿಯ ಮಗ್ಗುಲಲ್ಲಿ ಕುಳಿತಿರುತ್ತದೆ, ಮತ್ತು ಲಿಥಿಯಂ ಬ್ಯಾಟರಿಗಳು ಶಾಖದಲ್ಲಿ ಬೇಗ ಮುದಿಯಾಗುತ್ತವೆ.

ಏಳನೆಯ ಹೆಜ್ಜೆ: ಉಳಿಸಿಕೊಳ್ಳುವುದೇ, ಬಿಡುವುದೇ?

ಆಟದ ಒಂದೇ ಭಾಗವನ್ನು ಹಳೆಯ ಸೆಟ್ಟಿಂಗ್‌ನಲ್ಲಿ ಮೂರು ಸಲ, ಹೊಸದರಲ್ಲಿ ಮೂರು ಸಲ ಓಡಿಸಿ ಸರಾಸರಿ ಫ್ರೇಮ್ ಮತ್ತು ಅತಿ ನಿಧಾನವಾದ ಶೇ. 1ರಷ್ಟು ಫ್ರೇಮ್‌ಗಳ ಅಂಕಿಯನ್ನು ಹೋಲಿಸಿ. ಕಣ್ಣಿಗೆ ತಾಗುವ ತಡವರಿಕೆ ಅಡಗಿರುವುದು ಈ ಎರಡನೆಯ ಅಂಕಿಯಲ್ಲೇ. ಹಳೆಯ ಸೆಟ್ಟಿಂಗ್‌ನ ಮೂರು ಓಟಗಳ ನಡುವೆಯೇ ಇರುವ ವ್ಯತ್ಯಾಸಕ್ಕಿಂತ ಹೊಸದರ ಲಾಭ ಹೆಚ್ಚಿಲ್ಲದಿದ್ದರೆ ಲಾಭವೇ ಇಲ್ಲವೆಂದು ತಿಳಿದು ಮೂಲ ಸ್ಥಿತಿಗೆ ಮರಳಿ. ಲಾಭ ಕಂಡರೂ ಫ್ಯಾನ್‌ಗಳ ಸದ್ದು ಎಷ್ಟು ಏರಿತು, ಕೀಬೋರ್ಡ್‌ನ ಮೇಲೆ ಬೆರಳಿಡುವಂತಿದೆಯೇ ಎಂಬುದನ್ನು ಲೆಕ್ಕಕ್ಕೆ ಸೇರಿಸಿ, ಶೇ. 3ರಷ್ಟು ಫ್ರೇಮ್‌ಗಾಗಿ ಇವೆರಡನ್ನೂ ಸಹಿಸುವುದು ನನಗಂತೂ ನಷ್ಟದ ವ್ಯಾಪಾರ.

ಉಳಿಸಿಕೊಳ್ಳುವುದಾದರೆ ಅದನ್ನು ಆಟದ ಪ್ರೊಫೈಲ್‌ಗೆ ಮಾತ್ರ ಸೀಮಿತಗೊಳಿಸಿ, ಬ್ಯಾಟರಿಯ ಮೇಲೆ ನಡೆಯುವಾಗ ಅನ್ವಯವಾಗದಂತೆ ನೋಡಿಕೊಳ್ಳಿ. ಬಯೋಸ್ ಅಪ್‌ಡೇಟ್ ಆದಾಗಲೆಲ್ಲ ಪವರ್ ಮಿತಿಗಳು ಬದಲಾಗಿರಬಹುದು, ನಿಮ್ಮ ಸೆಟ್ಟಿಂಗ್ ಅಳಿಸಿಹೋಗಿರಬಹುದು, ಹಿಂದೆ ತೆರೆದಿದ್ದ ಅವಕಾಶ ಮುಚ್ಚಿರಲೂಬಹುದು. ಆಗ ಹಳೆಯ ಅಂಕಿಗಳನ್ನು ಹಾಗೆಯೇ ಮತ್ತೆ ಹಾಕದೆ ನಾಲ್ಕನೆಯ ಹೆಜ್ಜೆಯಿಂದ ಅಳತೆಯನ್ನು ಹೊಸದಾಗಿ ಆರಂಭಿಸಿ. ತಂಪಾದ ಕೋಣೆಯಲ್ಲಿ ಸ್ಥಿರವೆನಿಸಿದ ಸೆಟ್ಟಿಂಗನ್ನು ಕೋಣೆ ಬಿಸಿಯಾಗಿರುವ ದಿನಗಳಲ್ಲಿ ಇನ್ನೊಮ್ಮೆ ಪರೀಕ್ಷಿಸುವುದೂ ಈ ಕೆಲಸದ ಭಾಗವೇ.